ಸೀಟಿಗೂ ಬೆರಳಿಗೂ ನಡುವೆ

ಆ ಪಂದ್ಯ ನಾನು ಹೇಳುವ ಹಾಗೆಯೇ ನಡೆಯಿತೆಂದು ಪ್ರಮಾಣ ಮಾಡಲಾರೆ. ಐವತ್ತರ ದಶಕದ ಮೊದಲರ್ಧದಲ್ಲಿ, ನಾವಿನ್ನೂ ಮುಂಬಯಿ ರಾಜ್ಯಕ್ಕೆ ಸೇರಿದ್ದಾಗ, ಬೈಲಹೊಂಗಲದ ಸಾಲೆಯ ಮೈದಾನದಲ್ಲಿ ಸವದತ್ತಿಯ ಹುಡುಗರಿಗೂ ರಾಮದುರ್ಗದ ಹುಡುಗರಿಗೂ ಬಾಸ್ಕೆಟ್‌ಬಾಲ್ ಪಂದ್ಯ ನಡೆದದ್ದು ನಿಜ. ನಾನು ಟೈಮ್‌ಕೀಪರ್ ಆಗಿ ಮೇಜಿನ ಹಿಂದೆ ಕೂತಿದ್ದೂ ನಿಜ. ಅಲ್ಲಿಂದ ಮುಂದೆ ಎಲ್ಲವೂ ಜಾರುತ್ತದೆ. ಈ ಕತೆಯನ್ನು ಪುಣೆಯಲ್ಲಿ ಹೇಳಿದಾಗ ಗಾಳಿ ಬೀಸುತ್ತಿತ್ತು. ಧಾರವಾಡದಲ್ಲಿ ಹೇಳಿದಾಗ ಎಲೆ ಅಲುಗುತ್ತಿರಲಿಲ್ಲ. ಒಮ್ಮೆ ಜನ ಕೂಗುತ್ತಿದ್ದರು, ಇನ್ನೊಮ್ಮೆ ಬಾಯಿ ಕಟ್ಟಿದಂತೆ ನಿಂತಿದ್ದರು. ಎರಡನ್ನೂ ಕೇಳಿದ್ದ ನನ್ನ ಹೆಂಡತಿ, "ನಿಮ್ಮ ಮ್ಯಾಚು ವರ್ಷಾ ವರ್ಷಾ ದೊಡ್ಡದಾಗ್ಲಿಕ್ಕೆ ಹತ್ತೇದ ನೋಡ್ರಿ," ಎಂದು ನಕ್ಕಿದ್ದಳು.

ಅವಳು ನಕ್ಕದ್ದರಲ್ಲಿ ತಪ್ಪಿಲ್ಲ. ಕಾಲೇಜಿನಲ್ಲಿ ತತ್ವಶಾಸ್ತ್ರ ಓದಿದ್ದರಿಂದ ನನಗೆ ಉಳಿದುಬಂದ ಆಸ್ತಿಯೆಂದರೆ ಸಂಶಯ. ಅದು ಬೇರೆಯವರ ಮಾತಿಗಷ್ಟೇ ಅಲ್ಲ, ನನ್ನ ನೆನಪಿಗೂ ಅಂಟಿಕೊಂಡಿದೆ. ಆದರೂ ಆ ಸಂಜೆ ರೆಫ್ರಿಯಾಗಿದ್ದವರು ತೀರಿಕೊಂಡರೆಂದು ಹಳೆಯ ಸಹೋದ್ಯೋಗಿಯೊಬ್ಬರಿಂದ ತಿಳಿದಾಗ ನನ್ನ ಕಣ್ಣಿಗೆ ಮೊದಲು ಬಂದದ್ದು ಅವರ ಮುಖವಲ್ಲ, ಅವರ ಬಲಗೈ. ಸೀಟಿ ಊದಿ ಆಗಿದೆ. ಕೈ ಮೇಲೆ ಹೋಗಿದೆ, ಮುಷ್ಟಿ ಮುಚ್ಚಿದೆ. ಬೆರಳು ಇನ್ನೂ ತೆರೆದಿಲ್ಲ.

ಅವರು ನಾನು ಕಲಿಸುತ್ತಿದ್ದ ಸಾಲೆಯ ಡ್ರಿಲ್ ಮಾಸ್ತರು. ತೊರಗಲ್ಲಿನ ವೈದಿಕರ ಮನೆಯವರು, ತಂದೆ ಪೌರೋಹಿತ್ಯ ಮಾಡುತ್ತಿದ್ದವರು. ಆ ಮನೆಯ ಮಗ ಮುಂಬಯಿ ಕಡೆ ಹೋಗಿ ವ್ಯಾಯಾಮ ಶಿಕ್ಷಣದ ತರಬೇತಿ ಪಡೆದು, ಖಾಕಿ ಚಡ್ಡಿ ಹಾಕಿಕೊಂಡು ಬಂದಾಗ ಊರಲ್ಲಿ ನಕ್ಕವರು ಬಹಳವಂತೆ. ಎತ್ತರದ ಆಳಲ್ಲ. ತಲೆಯ ಮೇಲೆ ಸದಾ ಕರಿ ಟೊಪ್ಪಿಗೆ, ಕೊರಳಲ್ಲಿ ಸೀಟಿ. ಸೀಟಿಯ ದಾರವನ್ನು ಅವರ ಹೆಂಡತಿ ದೇವರ ಬತ್ತಿಗೆಂದು ಇಟ್ಟ ಹತ್ತಿಯಿಂದಲೇ ಹೊಸೆದು ಕೊಟ್ಟಿದ್ದರು. ಪಂದ್ಯವಿದ್ದ ದಿನ ಬೆಳಿಗ್ಗೆ ಕ್ಯಾನ್ವಾಸ್ ಬೂಟಿಗೆ ಸುಣ್ಣದ ನೀರು ಬಳಿದು ಮನೆಯ ಕಟ್ಟೆಯ ಮೇಲೆ ಒಣಗಲು ಇಡುತ್ತಿದ್ದರು. ಕಟ್ಟೆಯ ಮೇಲೆ ಬಿಳಿ ಬೂಟು ಕಂಡಿತೆಂದರೆ ಅಂದು ಸಂಜೆ ಆಟವಿದೆಯೆಂದು ಓಣಿಗೆಲ್ಲ ಗೊತ್ತಾಗುತ್ತಿತ್ತು.

ಬಾಸ್ಕೆಟ್‌ಬಾಲ್ ನಮ್ಮ ಕಡೆಗೆ ತಂದವರು ಅವರೇ ಎಂದು ಹೇಳಿದರೆ ಉತ್ಪ್ರೇಕ್ಷೆಯಾದೀತು. ಆದರೆ ಎರಿಮಣ್ಣಿನ ನೆಲದಲ್ಲಿ ಚೆಂಡು ಪುಟಿಯುವುದಿಲ್ಲವೆಂದು ಚಕ್ಕಡಿಗಳಲ್ಲಿ ಗರಸಿನ ಕಲ್ಲುಮಣ್ಣು ತರಿಸಿ, ಹುಡುಗರಿಂದ ಹಾಸಿಸಿ, ನೀರು ಹೊಯ್ದು ಬಡಿಸಿ ಅಂಗಳ ಮಾಡಿಸಿದವರು ಅವರು. ಹುತುತು ಎನ್ನುವ ಕಬಡ್ಡಿ ಮತ್ತು ಖೋ ಖೋ ಬಿಟ್ಟು ಬೇರೆ ಆಟ ನೋಡದಿದ್ದ ಹತ್ತಿ ಪ್ಯಾಟಿಯ ಹಮಾಲರು ಕೂಡ ಸಂಜೆಗೆ ಬಂದು ಸುಣ್ಣದ ಗೆರೆಯ ಆಚೆ ಕೂರತೊಡಗಿದರು. ಸ್ಟಾಪ್‌ವಾಚ್ ವಿಜ್ಞಾನದ ಕಪಾಟಿನಲ್ಲಿತ್ತು. ಅದನ್ನು ಒತ್ತುವ ಕೆಲಸ ಇಂಗ್ಲಿಷ್ ಕಲಿಸುತ್ತಿದ್ದ ನನ್ನ ಪಾಲಿಗೆ ಬಂತು. "ನೀವು ಯಾವದನ್ನೂ ನಂಬೋದಿಲ್ಲ. ನಿಮಗ ಇದು ಛಲೋ ಕೆಲಸ," ಎಂದು ಹೆಡ್‌ಮಾಸ್ತರರು ಅದನ್ನು ನನ್ನ ಕೈಗೆ ಕೊಟ್ಟರು.

ಈ ಆಟದ ಒಂದು ಕಟ್ಟಳೆಯನ್ನು ಇಲ್ಲಿ ಹೇಳಬೇಕು, ಇಲ್ಲದಿದ್ದರೆ ಆ ಮನುಷ್ಯ ಅರ್ಥವಾಗುವುದಿಲ್ಲ. ಇಷ್ಟು ಹೊತ್ತಿನೊಳಗೆ ಚೆಂಡನ್ನು ಬುಟ್ಟಿಗೆ ಎಸೆಯಲೇಬೇಕೆಂಬ ನಿಯಮ ಆಗ ಇರಲಿಲ್ಲ. ಮುಂದಿದ್ದ ತಂಡದವರು ಕೊನೆಯ ಹೊತ್ತಿನಲ್ಲಿ ಚೆಂಡನ್ನು ತಮ್ಮತಮ್ಮೊಳಗೇ ಆಡಿಸುತ್ತ ಕಾಲ ಕಳೆಯುತ್ತಿದ್ದರು. ಹಿಂದಿದ್ದವರಿಗೆ ಉಳಿದ ದಾರಿ ಒಂದೇ. ಚೆಂಡಿದ್ದವನನ್ನು ಹಿಡಿಯುವುದು, ನೂಕುವುದು, ಹೇಗಾದರೂ ಆಟ ನಿಲ್ಲಿಸುವುದು. ಸಾಮಾನ್ಯ ಫೌಲಿಗೆ ಎದುರಾಳಿಗೆ ಒಂದೇ ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬರದೆ ಒಂದು ಪಾಯಿಂಟಿಗಾಗಿ ಬುಟ್ಟಿಗೆ ಎಸೆಯುವ ಅವಕಾಶ. ಅದಾದ ಮೇಲೆ ಚೆಂಡು ತಮ್ಮ ಕೈಗೆ ಬಂದೀತೆಂಬ ಆಸೆ. ಬೇಕೆಂದೇ ಮಾಡಿದ ಫೌಲಾದರೆ ಮಾತ್ರ ಎರಡು. ಹೀಗಾಗಿ ಆಟದ ಕೊನೆಯಲ್ಲಿ ರೆಫ್ರಿಯ ಮುಂದೆ ಬಂದು ನಿಲ್ಲುತ್ತಿದ್ದುದು ಒಂದೇ ಪ್ರಶ್ನೆ. ಈ ಹುಡುಗ ಚೆಂಡಿಗೆ ಕೈ ಹಾಕಲು ಹೋಗಿ ತಪ್ಪಿದನೋ, ಬೇಕಂತಲೇ ಮಾಡಿದನೋ? ಒಂದು ಬೆರಳೋ, ಎರಡು ಬೆರಳೋ?

ನಾನು ನೋಡಿದ ಬೇರೆ ರೆಫ್ರಿಗಳು ಈ ತಂಟೆಗೆ ಹೋಗುತ್ತಿರಲಿಲ್ಲ. ಎಲ್ಲದಕ್ಕೂ ಒಂದೇ ಬೆರಳು ತೋರಿಸಿ ಮುಂದೆ ನಡೆಯುತ್ತಿದ್ದರು. ಇವರು ಹಾಗಲ್ಲ. ಸೀಟಿ ಊದಿ, ಮುಷ್ಟಿಯನ್ನು ಮೇಲೆತ್ತಿ, ನಿಲ್ಲುತ್ತಿದ್ದರು. ಅಷ್ಟು ಹೊತ್ತು ಮೈದಾನದ ಸದ್ದೆಲ್ಲ ಆ ಮುಷ್ಟಿಯೊಳಗೆ ಹೋದಂತಾಗುತ್ತಿತ್ತು. ಆಮೇಲೆ ಬೆರಳು ತೆರೆಯುತ್ತಿತ್ತು. ತೆರೆದ ಮೇಲೆ ಅದನ್ನು ಪ್ರಶ್ನಿಸಿದವರನ್ನು ನಾನು ಹೆಚ್ಚು ಕಂಡಿಲ್ಲ.

ನಾನು ಪ್ರಶ್ನಿಸಿದೆ. ಮೈದಾನದಲ್ಲಲ್ಲ, ಮಾಸ್ತರರ ಕೋಣೆಯಲ್ಲಿ, ಚಹಾ ಕುಡಿಯುತ್ತ.

"ಮಾಸ್ತರ, ಒಬ್ಬನ ಮನಸ್ಸಿನ್ಯಾಗ ಏನದ ಅನ್ನೋದು ಅವಗಷ್ಟ ಗೊತ್ತು. ನಿಮಗ ಕಾಣೋದು ಬರೇ ಮೈ. ಮೈ ನೋಡಿ ಮನಸ್ಸಿಗೆ ಶಿಕ್ಷಾ ಕೊಡ್ತೀರಲ್ಲ, ಇದು ಯಾವ ನ್ಯಾಯ?"

ಅವರು ಬಸಿಯಲ್ಲಿದ್ದ ಚಹಾ ಮುಗಿಸಿ, ಮೀಸೆ ಒರೆಸಿಕೊಂಡರು.

"ನೀವು ಬಿ.ಎ. ಮಾಡೀರಿ, ಕೂತಲ್ಲೆ ಸಂಶೇ ಪಡಬಹುದು. ನನ್ನ ಬಾಯಾಗ ಸೀಟಿ ಇರತದ. ನನಗ ಸಂಶೇ ಪಡಲಿಕ್ಕೆ ಎಷ್ಟ ಹೊತ್ತದ ಹೇಳ್ರಿ ನೋಡೋಣ."

"ಎಷ್ಟದ?"

"ಒಂದು ಉಸರು."

ಅದು ತಮಾಷೆಯೆಂದು ನಕ್ಕೆ. ಆಮೇಲೆ ಪಂದ್ಯಗಳಲ್ಲಿ ಗಮನಿಸಿದೆ. ಮುಷ್ಟಿ ಮೇಲಿರುವಷ್ಟು ಹೊತ್ತು ಅವರ ಎದೆ ಒಮ್ಮೆ ಏರಿ ಒಮ್ಮೆ ಇಳಿಯುತ್ತಿತ್ತು. ಅದು ಇಳಿದಾಗ ಬೆರಳು ತೆರೆಯುತ್ತಿತ್ತು. ಗಡಿಯಾರದಿಂದ ಅಳೆಯೋಣವೆಂದರೆ, ಸೀಟಿ ಊದಿದೊಡನೆ ಸ್ಟಾಪ್‌ವಾಚ್ ನಿಲ್ಲಿಸುವುದೇ ನನ್ನ ಕೆಲಸ. ಅವರು ಯೋಚಿಸುತ್ತಿದ್ದ ಹೊತ್ತು ಆಟದ ಲೆಕ್ಕದಲ್ಲಿ ಇರಲೇ ಇಲ್ಲ.

ಈ ವಿದ್ಯೆ ಎಲ್ಲಿ ಕಲಿತಿರಿ ಎಂದು ಇನ್ನೊಮ್ಮೆ ಕೇಳಿದಾಗ, ಮುಂಬಯಿಯ ತರಬೇತಿಯ ಮಾತೆತ್ತುವರೆಂದುಕೊಂಡಿದ್ದೆ. "ನಮ್ಮಪ್ಪನ ಕಡೆ," ಎಂದರು. "ಅಂವ ದಿನಾ ಮುಂಜಾನೆ ರೆಫ್ರಿ ಆಗಿರತಿದ್ದ."

ತಂದೆ ಬೆಳಿಗ್ಗೆ ಸ್ನಾನ ಮಾಡಿ ಮಡಿಯುಟ್ಟು ಪೂಜೆಗೆ ಕೂರುವ ಹೊತ್ತಿಗೆ ಮನೆ ತುಂಬ ಮಕ್ಕಳು ಓಡಾಡುತ್ತಿದ್ದರು. ಯಾರಾದರೂ ತಾಗುವುದು ಇದ್ದದ್ದೇ. ತಿಳಿಯದೆ ತಾಗಿದರೆ ತಂದೆ ಒಂದು ಆಚಮನ ಮಾಡಿ ಪೂಜೆ ಮುಂದುವರಿಸುತ್ತಿದ್ದರು. ಬೇಕಂತಲೇ ಮುಟ್ಟಿದ್ದಾದರೆ ಅವರಿಗೂ ಮತ್ತೆ ಸ್ನಾನ, ಮುಟ್ಟಿದವರಿಗೂ ಬಾವಿಯ ತಣ್ಣೀರು, ಅದು ಥಂಡಿಯ ದಿನವಾದರೂ ಸರಿ. ಯಾವುದು ಎಂಬ ತೀರ್ಮಾನ ತಂದೆಯದೇ.

"ಅವರಿಗೆ ಎಂದೂ ತಪ್ಪಲಿಲ್ಲೇನ್ರಿ?"

"ಒಮ್ಮೆ ತಪ್ಪಿತು. ನಮ್ಮಕ್ಕ ಬೇಕಂತ ಮುಟ್ಟಿದ್ಲು. ಅಪ್ಪ ಗೊತ್ತಾಗದ ಆಚಮನ ಮಾಡಿ ಬಿಟ್ಟ. ಅಕ್ಕ ಹಿತ್ತಲಕ್ಕ ಹೋಗಿ ನಿಂತ್ಲು. ಆಮ್ಯಾಲೆ ತಾನ ಬಂದು, 'ಅಪ್ಪಾ, ನಾ ಬೇಕಂತ ಮುಟ್ಟೀನಿ' ಅಂತ ಹೇಳಿ, ತಾನ ಬಾವಿಗೆ ಹೋಗಿ ನೀರು ಹೊಯ್ಕೊಂಡ್ಲು." ಅವರು ನಕ್ಕರು. ಆ ಅಕ್ಕನ ಮಾತು ಬಂದಾಗಲೆಲ್ಲ ಅವರ ದನಿ ಮೆತ್ತಗಾಗುತ್ತಿತ್ತು. "ಆಕೀ ಮುಂದ ಸುಳ್ಳು ಹೇಳಲಿಕ್ಕೆ ಆಗೋದಿಲ್ಲರಿ. ಆಕೀನೂ ಹೇಳೋದಿಲ್ಲ."

ಅವರು ಮೈದಾನದಲ್ಲಿ ಏನನ್ನು ನೋಡುತ್ತಿದ್ದರೆಂಬುದನ್ನು ಅವರಾಗಿ ನನಗೆ ಹೇಳಲಿಲ್ಲ. ನಾನೇ ಊಹಿಸಿದೆ. ನಮ್ಮ ಹುಡುಗರಿಗೆ ಒಂದು ರೂಢಿ ಇತ್ತು. ಯಾರಿಗಾದರೂ ಕಾಲು ತಾಗಿದರೆ ಅವರನ್ನು ಮುಟ್ಟಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುವುದು. ಮನೆಯಲ್ಲಿ ಕಲಿತದ್ದು ಆಟದಲ್ಲಿ ಬಿಟ್ಟೀತೇ? ಒಮ್ಮೆ ಒಬ್ಬ ಹುಡುಗ ಎಲ್ಲರನ್ನೂ ದಾಟಿಕೊಂಡು ಬುಟ್ಟಿಯ ಕೆಳಗೆ ಒಬ್ಬನೇ ಬಂದಿದ್ದ. ದಾರಿಯಲ್ಲಿ ಬಿದ್ದಿದ್ದ ಎದುರಾಳಿಯ ಪಾದ ತುಳಿದದ್ದು ಅವನಿಗೆ ನೆನಪಾಯಿತು. ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಹಿಂದಿರುಗಿ, ಬಿದ್ದವನ ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡ. ಬಿದ್ದವನು ಎದ್ದು ಚೆಂಡು ಕಸಿದುಕೊಂಡು ಓಡಿದ. ಹಮಾಲರು ಉರುಳಾಡಿ ನಕ್ಕರು. "ಲೇ, ಇವನ್ನ ಗುಡಿಯಾಗ ಕುಂದರಸ್ರಲೇ!" ಎಂದು ಒಬ್ಬ ಕೂಗಿದ. ಈ ಹುಚ್ಚು ಬಿಡಿಸಿ ಎಂದು ನಾನು ಹೇಳಿದರೆ ಮಾಸ್ತರು ಒಪ್ಪಲಿಲ್ಲ. "ಆಟ ಕಲಿಸ್ತೇನಿ. ಅದನ್ನ ಮರಸೋದಿಲ್ಲ," ಎಂದರು.

ಬೇಕೆಂದು ತುಳಿದವನ ಕೈ ಕಣ್ಣಿಗೆ ಹೋಗುವುದಿಲ್ಲ. ತಿಳಿಯದೆ ತುಳಿದವನ ಕೈ ತಾನಾಗಿ ಹೋಗುತ್ತದೆ. ಇದೇ ಇವರ ಗುಟ್ಟು ಎಂದು ನಾನು ತೀರ್ಮಾನಿಸಿದೆ. ನನಗೊಬ್ಬನಿಗೇ ಹೊಳೆದಿದೆಯೆಂದು ಹೆಮ್ಮೆಪಡುವಷ್ಟರಲ್ಲಿ ಎಲ್ಲ ಊರಿನ ಹುಡುಗರಿಗೂ ಅದು ಹೊಳೆದಿತ್ತು. ಕಿತ್ತೂರಿನಲ್ಲಿ ನಡೆದ ಒಂದು ಪಂದ್ಯದಲ್ಲಿ, ಯಾವ ಊರಿನ ತಂಡವೆಂದು ಹೇಳುವುದು ಬೇಡ, ಒಬ್ಬ ಹುಡುಗ ಎದುರಾಳಿಯ ಅಂಗಿಯನ್ನು ಹಿಂದಿನಿಂದ ಜಗ್ಗಿ ನಿಲ್ಲಿಸಿದ. ನಿಲ್ಲಿಸಿ, ಅವನ ಭುಜ ಮುಟ್ಟಿ, ಎರಡೂ ಕಣ್ಣಿಗೆ ಭಕ್ತಿಯಿಂದ ಒತ್ತಿಕೊಂಡ. ಸೀಟಿ. ಮುಷ್ಟಿ. ಎರಡು ಬೆರಳು.

ಆ ತಂಡದ ಮಾಸ್ತರರು ಓಡಿಬಂದರು. "ಅಂವ ನಮಸ್ಕಾರ ಮಾಡಿದನಲ್ರೀ!"

"ಮಾಡಿದಾ. ಛಲೋ ಮಾಡಿದಾ," ಎಂದರು ಇವರು. "ಆದರ ಕಾಲೆಲ್ಲಿ ತಾಗಿತ್ತು? ಅಂಗಿ ಜಗ್ಗಿದ್ದಕ್ಕ ನಮಸ್ಕಾರ ಯಾಕ?"

ಬಂದ ಮಾಸ್ತರರಿಗೇ ನಗು ತಡೆಯಲಾಗಲಿಲ್ಲ. ಆದರೆ ಅಂದಿನಿಂದ ನನಗೆ ಒಂದು ಯೋಚನೆ ಹತ್ತಿತು. ಈ ಗುರುತನ್ನು ಹುಡುಗರು ಕಲಿತುಬಿಟ್ಟರು. ಕಾಲು ತಾಗಿಸಿಯೇ ನಮಸ್ಕಾರ ಮಾಡುವವನು ಬಂದರೆ ಇವರು ಏನು ಮಾಡುತ್ತಾರೆ?

ಬಂದವನು ಅವರ ಸೋದರಳಿಯ.

ಆ ಅಕ್ಕನನ್ನು ರಾಮದುರ್ಗಕ್ಕೆ ಕೊಟ್ಟಿತ್ತು. ಅವರ ಗಂಡ ಮೊದಲು ಸಂಸ್ಥಾನದ ಕಚೇರಿಯಲ್ಲಿ ಕಾರಕೂನರಾಗಿದ್ದವರು, ವಿಲೀನವಾದ ಮೇಲೆ ಸರಕಾರದಲ್ಲಿ. ಮಗ ಶ್ಯಾಮ, ರಾಮದುರ್ಗದ ತಂಡದ ನಾಯಕ. ಮಾಸ್ತರರ ಮಗಳನ್ನು ಅವನಿಗೆ ತಂದುಕೊಳ್ಳುವುದೆಂದು ಎರಡೂ ಮನೆಗಳಲ್ಲಿ ಮಾತಾಗಿತ್ತು. ಅದು ಬರಿಯ ಮಾತಲ್ಲ. ಅಕ್ಕ ಹೂಂ ಅಂದರೆ ಉಳಿದವರೆಲ್ಲ ಹೂಂ ಎನ್ನುವ ಮನೆ ಅದು.

ಢಾಲಿಗಾಗಿ ನಡೆದ ಆ ವರ್ಷದ ಕೊನೆಯ ಪಂದ್ಯಕ್ಕೆ ಸವದತ್ತಿ ಮತ್ತು ರಾಮದುರ್ಗ ಉಳಿದವು. ಢಾಲೆಂದರೆ ಗೆದ್ದ ಸಾಲೆಗೆ ಒಂದು ವರ್ಷ ಇಟ್ಟುಕೊಳ್ಳಲು ಸಿಗುವ ಹಿತ್ತಾಳೆಯ ಫಲಕ. ತಮ್ಮ ಅಳಿಯ ಆಡುವ ಪಂದ್ಯಕ್ಕೆ ಬೇರೆ ರೆಫ್ರಿಯನ್ನು ನೋಡಿ ಎಂದು ಮಾಸ್ತರು ಕೇಳಿಕೊಂಡರು. ಒಪ್ಪದವರು ಸವದತ್ತಿಯವರೇ. "ಅಳಿಯ ಇರಲಿ, ಮಗಾ ಇರಲಿ, ನಮಗ ಅವರ ಬೇಕ್ರಿ. ಬ್ಯಾರೇದವರು ಬಂದ್ರ ನಾವು ಆಡೂದಿಲ್ಲ," ಎಂದು ಅವರ ತಂಡದ ಮಾಸ್ತರರು ನಮ್ಮ ಹೆಡ್‌ಮಾಸ್ತರರ ಎದುರಿಗೇ ಹೇಳಿದರು. ಇದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಎದುರಾಳಿಯ ಮಾವನೇ ಬೇಕೆಂದು ಹಟ ಹಿಡಿದ ತಂಡವನ್ನು ನಾನು ಮತ್ತೆಲ್ಲಿಯೂ ನೋಡಿಲ್ಲ.

ಅಕ್ಕ ಮಗನ ಆಟ ನೋಡಲು ಹಿಂದಿನ ದಿನವೇ ಬಂದು ತಮ್ಮನ ಮನೆಯಲ್ಲಿ ಇಳಿದಿದ್ದರು. ಪಂದ್ಯದ ದಿನ ಬೆಳಿಗ್ಗೆ ನಾನು ಅಲ್ಲಿಗೆ ಫಳಾರಕ್ಕೆ ಹೋಗಿದ್ದೆ. ಕಟ್ಟೆಯ ಮೇಲೆ ಬಿಳಿ ಬೂಟು ಒಣಗುತ್ತಿತ್ತು. ಅಕ್ಕ ನಮಗೆ ಒಗ್ಗರಣೆ ಅವಲಕ್ಕಿ ಹಾಕುತ್ತ ನಗುನಗುತ್ತಲೇ ಹೇಳಿದರು.

"ತಮ್ಮಾ, ಸೀಟಿ ಊದೋ ಮುಂದ ನೆನಪಿರಲಿ. ನಾಳೆ ನಿನ್ನ ಮಗಳಿಗೆ ತಾಳಿ ಕಟ್ಟೋ ಕೈ ಅದು."

"ಆ ಕೈ ಚೆಂಡಿನ ಮ್ಯಾಲಿರಲಿ ಅಕ್ಕಾ. ಅಷ್ಟ ಸಾಕು."

"ಮುಂಬಯಿಗೆ ಹೋಗಿ ಬಂದು ಭಾಳ ಶಾಣ್ಯಾ ಆಗೀಯಪಾ! ನಾ ಸೋತು ಊರಿಗೆ ಹೋಗಾಕಿ ಅಲ್ಲ, ಹೇಳೀನಿ."

ಒಳಗೆ ಬಳೆ ಸದ್ದಾಯಿತು, ನಿಂತಿತು. ಮಗಳು ಅಡಿಗೆಮನೆಯ ಬಾಗಿಲ ಹಿಂದೆ ಇದ್ದಳು. ಮಾಸ್ತರು ತಟ್ಟೆಯಲ್ಲಿದ್ದುದನ್ನು ಮುಗಿಸದೆ ಕೈ ತೊಳೆದರು. ಹಾಸ್ಯದ ಮಾತು ಹಾಸ್ಯವಾಗಿ ಉಳಿದಿಲ್ಲವೆಂಬುದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು.

ಇನ್ನು ಪಂದ್ಯ. ಕೊನೆಯ ನಿಮಿಷದಲ್ಲಿ ಸವದತ್ತಿ ಒಂದು ಪಾಯಿಂಟ್ ಮುಂದಿತ್ತು. ಒಂದೇ ಎಂದು ನಾನು ನಂಬಿದ್ದೇನೆ, ಏಕೆಂದರೆ ಹಾಗಿಲ್ಲದಿದ್ದರೆ ಮುಂದಿನದಕ್ಕೆ ಅರ್ಥವಿಲ್ಲ. ಚೆಂಡು ಅವರ ಕಡೆಯ ಎತ್ತರದ ಹುಡುಗನೊಬ್ಬನ ಕೈಯಲ್ಲಿತ್ತು. ಮುನವಳ್ಳಿಯವನು, ಸಾವಕಾಶದ ಹುಡುಗ. ಅವನು ಚೆಂಡನ್ನು ತಲೆಯ ಮೇಲೆ ಹಿಡಿದು, ಯಾರಿಗೂ ಎಟುಕದಂತೆ ತಿರುಗುತ್ತಿದ್ದ. ಮೇಜಿನ ಎದುರಿಗೇ ಶ್ಯಾಮ ಅವನ ಮೇಲೆ ಹಾರಿದ. ಕೈ ಚೆಂಡಿಗೆ ಹೋಯಿತೋ ತೋಳಿಗೆ ಹೋಯಿತೋ ನಾನು ಹೇಳಲಾರೆ. ಕಾಲು ಮಾತ್ರ ಮುನವಳ್ಳಿಯವನ ಪಾದದ ಮೇಲೆ ಬಿತ್ತು. ಅದು ನನಗೆ ಕಂಡಿತು. ಸೀಟಿ ಕೇಳಿತು, ನಾನು ಗಡಿಯಾರ ನಿಲ್ಲಿಸಿದೆ. ತಲೆಯೆತ್ತಿದಾಗ ಶ್ಯಾಮನ ಬಲಗೈ ಎದುರಾಳಿಯ ಭುಜದಿಂದ ತನ್ನ ಕಣ್ಣಿಗೆ ಹೋಗುತ್ತಿತ್ತು.

ಮಾಸ್ತರರ ಮುಷ್ಟಿ ಮೇಲಿತ್ತು.

ಒಂದು ಬೆರಳಾದರೆ ಸವದತ್ತಿಯವರಿಗೆ ಹೆಚ್ಚೆಂದರೆ ಇನ್ನೊಂದು ಪಾಯಿಂಟ್. ರಾಮದುರ್ಗದವರು ಒಂದು ಬುಟ್ಟಿ ಹಾಕಿದರೆ ಸರಿಸಮ. ಎರಡಾದರೆ, ಎರಡೂ ಬಿದ್ದರೆ, ಮೂರರ ಅಂತರ. ಒಂದು ಬುಟ್ಟಿಗೆ ಎರಡೇ ಪಾಯಿಂಟ್ ಇದ್ದ ಕಾಲ ಅದು. ಅಲ್ಲಿಗೆ ಪಂದ್ಯ ಮುಗಿದಂತೆ. ಇದು ಮೈದಾನದ ಸುತ್ತ ಕೂತ ಎಲ್ಲರಿಗೂ ಗೊತ್ತಿತ್ತು. ಹೆಂಗಸರ ಸಾಲಿನಲ್ಲಿ ಅಕ್ಕ ಎದ್ದು ನಿಂತಿದ್ದರು.

ಗಾಳಿ ಬೀಸುತ್ತಿತ್ತೋ ಇಲ್ಲವೋ, ಅದು ನನಗೆ ಗೊತ್ತಿಲ್ಲ. ಮುಷ್ಟಿ ಎಂದಿಗಿಂತ ಹೆಚ್ಚು ಹೊತ್ತು ಮೇಲಿತ್ತೆಂದು ಮಾತ್ರ ನನಗೆ ಅನ್ನಿಸಿತು. ಅವರ ಎದೆ ಏರಿತು, ಇಳಿಯಿತು. ಬೆರಳು ತೆರೆಯಲಿಲ್ಲ. ಮತ್ತೆ ಏರಿತು. ಒಬ್ಬ ಮನುಷ್ಯ ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ನಿಂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಯಾವುದಕ್ಕೂ ಸುಲಭವಾಗಿ ಕೈ ಮುಗಿಯದ ನನಗೆ ಆ ಕ್ಷಣ ಎದ್ದು ನಿಲ್ಲಬೇಕೆನ್ನಿಸಿತು, ನಿಂತೆನೋ ಏನೋ.

ಎರಡು ಬೆರಳು.

ಮುನವಳ್ಳಿಯ ಹುಡುಗ ಎರಡನ್ನೂ ಬುಟ್ಟಿಗೆ ಹಾಕಿದ. ಢಾಲು ಸವದತ್ತಿಗೆ ಹೋಯಿತು. ಹಿಂದಿನಿಂದ ಯಾರೋ, "ಅಳ್ಯಾಗ ಮಾವ ಭಾರಿ ಉಡುಗೊರೆ ಕೊಟ್ಟಾನಲೇ!" ಎಂದು ಕೂಗಿದರು. ಶ್ಯಾಮ ಯಾರ ಮುಖವನ್ನೂ ನೋಡದೆ ಅಂಗಳ ದಾಟಿ ಹೋದ.

ಅಕ್ಕ ಆ ಸಂಜೆಯ ಬಸ್ಸಿಗೇ ಮಗನೊಡನೆ ಹೊರಟುಬಿಟ್ಟರು. ತವರಿಗೆ ಬಂದ ಹೆಣ್ಣುಮಗಳನ್ನು ಕುಪ್ಪಸದ ಕಣ, ಕಾಯಿ, ಅಕ್ಕಿ ಇಟ್ಟು ಉಡಿ ತುಂಬಿ ಕಳಿಸುವುದು ನಮ್ಮ ಕಡೆಯ ಪದ್ಧತಿ. ಮಾಸ್ತರರ ಹೆಂಡತಿ ಅವೆಲ್ಲವನ್ನೂ ತಟ್ಟೆಯಲ್ಲಿ ಹಿಡಿದು ಬಾಗಿಲಿಗೆ ಬಂದಾಗ ಅಕ್ಕ ಆಗಲೇ ಓಣಿಯ ತಿರುವಿನಲ್ಲಿದ್ದರು.

ಮರುದಿನ ಬೆಳಿಗ್ಗೆ ಮಾಸ್ತರರ ಕಟ್ಟೆಗೆ ಹೋದೆ. ಅವರು ಬೂಟಿನ ಸುಣ್ಣ ಉಜ್ಜಿ ತೆಗೆಯುತ್ತಿದ್ದರು.

"ಮಾಸ್ತರ, ಕಾಲು ತಾಗಿತ್ತು. ನಾ ನೋಡೀನಿ."

"ಹೌದು, ತಾಗಿತ್ತು."

"ನಮಸ್ಕಾರಾನೂ ಮಾಡಿದಾ."

"ಮಾಡಿದಾ."

"ಮತ್ತ?"

ಅವರು ಬೂಟು ಕೆಳಗಿಟ್ಟರು. "ನಮಸ್ಕಾರ ಮಾಡೋಕ್ಕಿಂತ ಮೊದಲ ನನ್ನ ಕಡೆ ನೋಡಿದಾ. ಕಾಲು ತಾಗಿಸಿದವರು ತಾಗಿಸಿಕೊಂಡವನ ಮಾರಿ ನೋಡ್ತಾರ, ಇಲ್ಲಾ ನೆಲಾ ನೋಡ್ತಾರ. ರೆಫ್ರಿ ಮಾರಿ ಯಾಕ ನೋಡ್ತಾರ?"

ಅದು ನನಗೆ ಕಂಡಿರಲಿಲ್ಲ. ಸೀಟಿಯಾದಾಗ ನನ್ನ ಕಣ್ಣು ಗಡಿಯಾರದ ಮೇಲಿತ್ತು. ನನ್ನ ಸಂಶಯ ಸುಮ್ಮನಿರಲಿಲ್ಲ.

"ಹಿಂಗೂ ಆಗಿರಬಹುದಲ್ರಿ. ನೀವು ಅವನ ಮಾವ. ಮಂದಿ ಏನಂದಾರು ಅಂತ ಅಂಜಿ, ಬ್ಯಾರೆ ಹುಡುಗಗ ಒಂದು ತೋರಸೋ ಕಡೆ ಇವಗ ಎರಡು ತೋರಿಸಿರಬಹುದು. ಆಮ್ಯಾಲೆ ಆ ನೋಟ ನಿಮಗ ನೆನಪಾಗಿರಬಹುದು."

ಸಿಟ್ಟಾಗುತ್ತಾರೆಂದುಕೊಂಡೆ. ಆಗಲಿಲ್ಲ. ನಾನು ಒಳ್ಳೆಯ ಪ್ರಶ್ನೆ ಕೇಳಿದ ವಿದ್ಯಾರ್ಥಿಯೆಂಬಂತೆ ನನ್ನತ್ತ ನೋಡಿದರು.

"ಅದಕ್ಕ ನಿನ್ನೆ ಒಂದು ಉಸರು ಸಾಲಲಿಲ್ಲ. ಎರಡು ತಗೊಂಡೆ. ಎರಡನೇ ಉಸರಿನ್ಯಾಗ ಶ್ಯಾಮನ ಮಾರಿ ತಗದು, ಅಲ್ಲೆ ಯಾರೋ ಗುರುತಿಲ್ಲದ ಹುಡುಗನ ಮಾರಿ ಇಟ್ಟು ನೋಡಿದೆ. ಆಗನೂ ಎರಡ ಬಂತು."

"ಅಕ್ಕಾವರು...?"

"ಅಕ್ಕ ಉಡಿ ತುಂಬಿಸಿಕೊಳ್ಳದ ಹೋದ್ಲು," ಎಂದರು. ಅಷ್ಟು ಹೇಳಿ ಬೂಟುಗಳನ್ನು ಎತ್ತಿಕೊಂಡು ಒಳಗೆ ಹೋದರು.

ಆ ವರ್ಷದ ನಾಗರ ಪಂಚಮಿಗೆ ಅಕ್ಕನನ್ನು ಕರೆತರಲು ಅವರು ರಾಮದುರ್ಗಕ್ಕೆ ಹೋದರು. ಪಂಚಮಿಗೆ ಅಕ್ಕನನ್ನು ತವರಿಗೆ ತರುವುದು ಅವರು ಎಂದೂ ತಪ್ಪಿಸದ ಕೆಲಸ. ಮನೆಯಲ್ಲಿ ಜೋಕಾಲಿ ಕಟ್ಟಿತ್ತು, ಉಂಡಿ ಕಟ್ಟಿತ್ತು. ಅವರು ಒಬ್ಬರೇ ಬಸ್ಸಿನಿಂದ ಇಳಿದು ಬಂದರು. "ಬರಲಿಲ್ಲ," ಎಂದರು. ಮದುವೆಯ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ನಾಲ್ಕು ದಿನಕ್ಕೆ ಕಟ್ಟೆಯ ಮೇಲೆ ಬಿಳಿ ಬೂಟು ಮತ್ತೆ ಕಾಣಿಸಿತು. ಸಂಜೆಯ ಪಂದ್ಯದಲ್ಲಿ ಮುಷ್ಟಿ ಮೇಲೆ ಹೋಯಿತು, ಒಂದು ಉಸಿರಿನಷ್ಟು ನಿಂತಿತು, ಒಂದು ಬೆರಳು ತೆರೆಯಿತು. ಮನೆಯ ನೋವು ಆ ಕೈಯನ್ನು ಗಟ್ಟಿಯಾಗಿಸಿರಬಹುದು ಅಥವಾ ಮೆತ್ತಗಾಗಿಸಿರಬಹುದು ಎಂದು ನಾನು ಕಾದು ನೋಡಿದೆ. ಎರಡೂ ಆಗಿರಲಿಲ್ಲ.

ಮರುವರ್ಷದ ಪಂಚಮಿಗೆ ಅವರು ಮತ್ತೆ ಹೋದರು. ಈ ಸಲ ಅಕ್ಕ ಬಂದರು, ಶ್ಯಾಮನೂ ಬಂದ. ಆಮೇಲೆ ಮದುವೆಯೂ ಆಯಿತೆಂದು ಕೇಳಿದೆ. ಅಷ್ಟರಲ್ಲಿ ನಾನು ಎಂ.ಎ. ಮಾಡಲು ಪುಣೆ ಸೇರಿದ್ದೆ. ಒಂದು ವರ್ಷದ ಸಿಟ್ಟು ಇಳಿಯಿತು, ಅಷ್ಟೇ ಎಂದುಕೊಂಡೆ. ಆದರೆ ನನ್ನ ಆ ಬೆಳಗಿನ ಪ್ರಶ್ನೆ ಇಳಿಯಲಿಲ್ಲ. ಅವರು ನಿಜವಾಗಿ ಕಂಡರೋ, ಕಂಡೆನೆಂದು ನಂಬಿದರೋ? ಅವರ ಮೇಲಿನ ನನ್ನ ಬೆರಗು ಎಷ್ಟು ದೊಡ್ಡದಾಗಿತ್ತೋ ಆ ಪ್ರಶ್ನೆ ಅಷ್ಟೇ ಗಟ್ಟಿಯಾಗಿ ಅದರ ಬುಡದಲ್ಲಿ ಕೂತಿತ್ತು.

ಅವರು ತೀರಿಕೊಂಡ ಮೇಲೆ ರಾಮದುರ್ಗಕ್ಕೆ ಹೋದೆ. ಕೊನೆಯ ದಿನಗಳಲ್ಲಿ ಅವರು ಮಗಳ ಮನೆಯಲ್ಲೇ ಇದ್ದರು. ಶ್ಯಾಮನಿಗೆ ಅರ್ಧ ತಲೆ ನರೆತಿತ್ತು. ಗೋಡೆಯ ಗೂಟದಲ್ಲಿ ಸೀಟಿ ತೂಗುತ್ತಿತ್ತು, ದಾರ ಹಳದಿಯಾಗಿತ್ತು. ಕಟ್ಟೆಯ ಮೇಲೆ ಅವನನ್ನು ಒಬ್ಬನನ್ನೇ ಕೂರಿಸಿಕೊಂಡು ಆ ಸಂಜೆಯ ಫೌಲಿನ ಬಗ್ಗೆ ಕೇಳಿದೆ.

"ಕೈ ಬೇಕಂತ ಹಾಕಿದ್ದೆ ರೀ," ಎಂದ. "ಕಾಲು ತಾನ ಬಿತ್ತು. ಬಿದ್ದ ಕೂಡ್ಲೆ ಪಾರಾದೆ ಅನಿಸ್ತು. ಮಾವ ಕಾಲು ನೋಡ್ಯಾನೋ ಇಲ್ಲೋ ಅಂತ ಅವನ ಕಡೆ ನೋಡಿದೆ. ಆಮ್ಯಾಲೆ ನಮಸ್ಕಾರ ಮಾಡಿದೆ."

ಒಬ್ಬನ ಮಾತು ಸಾಲದು. ಇಷ್ಟು ವರ್ಷ ಮಾವನೂ ಅಳಿಯನೂ ಒಂದೇ ಮನೆಯವರು, ಒಂದೇ ಕತೆಯನ್ನು ಹಂಚಿಕೊಂಡಿರಬಹುದು. ಒಳಗೆ ಹೋದೆ. ಅಕ್ಕ ಕಿಟಕಿಯ ಬಳಿ ಹತ್ತಿ ಬಿಡಿಸುತ್ತ ಕೂತಿದ್ದರು. ಕಣ್ಣು ಮಂಜಾಗಿತ್ತು, ಬೆರಳು ಚುರುಕಾಗಿತ್ತು. ಮಗ ಹೇಳಿದ್ದನ್ನು ಹೇಳದೆ, ಆ ವರ್ಷದ ಪಂಚಮಿಗೆ ಅಷ್ಟು ಸಿಟ್ಟೇಕೆ ಮಾಡಿಕೊಂಡಿರಿ ಎಂದಷ್ಟೇ ಕೇಳಿದೆ.

"ಸಿಟ್ಟ ಎಲ್ಲೀದೋ ಮಾರಾಯಾ," ಎಂದರು. "ಯರಗಟ್ಟಿ ತನಕಾ ಸಿಟ್ಟಿತ್ತು. ಯರಗಟ್ಟಿಯೊಳಗ ಬಸ್ಸು ನಿಂತಾಗ ಶ್ಯಾಮ್ಯಾ ಅಳಲಿಕ್ಕೆ ಹತ್ತಿದಾ. 'ಅವ್ವಾ, ಮಾವನ ಕಡೆ ನೋಡಿ ನಮಸ್ಕಾರ ಮಾಡೀನಿ, ಮಾವ ಹಿಡದಬಿಟ್ಟಾ' ಅಂದಾ. ಅಲ್ಲಿಂದ ಮುಂದ ಬರೇ ನಾಚಿಕಿ. ತಾಳಿ ಕಟ್ಟೋ ಕೈ ಅಂತ ನಾ ಹೇಳಿದ್ನಲ್ಲಾ? ಯಾವ ಮಾರಿ ತಗೊಂಡು ಉಡಿ ಒಡ್ಡಲಿ? ಪಂಚಮಿಗೆ ಅಂವ ಬಾಗಲದಾಗ ಬಂದು ನಿಂತಾಗ ನಾ ಹಿತ್ತಲದಾಗಿದ್ದೆ. ಹೊರಗ ಬರಲೇ ಇಲ್ಲ."

"ಮಾಸ್ತರಿಗೆ ಇದನ್ನ ಹೇಳಿದ್ರೇನು?"

"ಎಲ್ಲಿ ಹೇಳಲಿ? ಮರುವರ್ಷ ಬಂದಾ. 'ಅಕ್ಕಾ, ಉಡಿ ಬಾಕಿ ಅದ, ನಡಿ' ಅಂದಾ. ಬಸ್ಸು ಹತ್ತಿದೆ. ಅಂವ ಕೇಳಲೇ ಇಲ್ಲ ನೋಡು. ಕಡೀತನಕಾ ಕೇಳಲಿಲ್ಲ."

ಅವರು ಕೇಳಲಿಲ್ಲ, ನಾನು ಕೇಳಿದೆ. ಗಾಳಿಯ ಬಗ್ಗೆ, ಪಾಯಿಂಟಿನ ಬಗ್ಗೆ, ನಾನು ಎದ್ದು ನಿಂತೆನೋ ಇಲ್ಲವೋ ಎಂಬುದರ ಬಗ್ಗೆ ಈಗಲೂ ನನಗೆ ಖಾತ್ರಿಯಿಲ್ಲ. ಇದೊಂದನ್ನು ಮಾತ್ರ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ ತಿಳಿದುಕೊಂಡಿದ್ದೇನೆ. ನಮಸ್ಕಾರ ಮಾಡುವ ಮೊದಲು ಹುಡುಗ ಮಾವನ ಕಡೆ ನೋಡಿದ್ದ.